ನಿಂತುಹೋದ ಫಿಯೆಟ್ ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಕ್ರಮ

ಊರಿನ ಮನೆಯ ಶೆಡ್ಡಿನಲ್ಲೋ ಅಡಿಕೆ ಗೋದಾಮಿನ ಮೂಲೆಯಲ್ಲೋ ಟಾರ್ಪಾಲು ಹೊದ್ದು ನಿಂತ ಫಿಯೆಟ್ ಕಾರುಗಳು ಕರ್ನಾಟಕದಲ್ಲಿ ಇನ್ನೂ ಇವೆ. ಅಪ್ಪನೋ ದೊಡ್ಡಪ್ಪನೋ ಓಡಿಸುತ್ತಿದ್ದ ಕಾರು. ಮುಂದಿನ ಉದ್ದ ಸೀಟಿನ ನಡುವೆ ಕೂತು, ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಬೆಳೆದ ಮಕ್ಕಳಿಗೆ ಈಗ ಐವತ್ತು, ಅರವತ್ತು ವಯಸ್ಸು. ಅದನ್ನು ಮತ್ತೆ ಓಡಿಸಬೇಕು ಅಂತ ಆಸೆ ಹುಟ್ಟಿದ ದಿನ ಹೆಚ್ಚಿನವರು ಮೊದಲು ಮಾಡುವುದು ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವ ಕೆಲಸ. ಹತ್ತು ಹದಿನೈದು ವರ್ಷ ನಿಂತ ಎಂಜಿನ್ ಕೆಡುವುದು ಆ ಒಂದು ನಿಮಿಷದಲ್ಲೇ. ಎಣ್ಣೆ ಆರಿಹೋದ ಸಿಲಿಂಡರಿನಲ್ಲಿ ರಿಂಗುಗಳು ತುಕ್ಕಿನ ಮೇಲೆ ಉಜ್ಜಿ ಮುರಿಯುತ್ತವೆ, ಟ್ಯಾಂಕಿನ ತಳದ ಗಸಿ ಕಾರ್ಬೊರೇಟರಿಗೆ ಏರುತ್ತದೆ. ಎಂಜಿನ್ ಹತ್ತಿಕೊಂಡರೂ ಬ್ರೇಕಿಲ್ಲದ ಕಾರು ಕೈಗೆ ಸಿಕ್ಕಂತಾಗುತ್ತದೆ. ಕೀಲಿಯ ಸರದಿ ಕೊನೆಗೆ. ಮೊದಲು ಬಾಡಿ, ಆಮೇಲೆ ಬ್ರೇಕ್, ಆಮೇಲೆ ಎಂಜಿನ್ನಿನ ಒಳಗು, ಪೆಟ್ರೋಲು, ಕರೆಂಟು, ನೀರು. ಈ ಕ್ರಮ ತಪ್ಪಿದರೆ ಖರ್ಚು ಎರಡರಷ್ಟಾಗುತ್ತದೆ.

ನಿಮ್ಮದು ಯಾವ ಫಿಯೆಟ್?

ಬಿಡಿಭಾಗ ಹುಡುಕುವ ಮುನ್ನ ಇದು ಗೊತ್ತಿರಬೇಕು. ಇಟಲಿಯಲ್ಲಿ ದಾಂತೆ ಜಿಯಕೋಸಾ ಅವರ ಎಂಜಿನಿಯರ್ ತಂಡ ರೂಪಿಸಿದ ಫಿಯೆಟ್ 1100/103 ಹೊರಬಂದದ್ದು 1953ರಲ್ಲಿ. ಅಲ್ಲಿಯವರು ಇದನ್ನು ‘ಮಿಲ್ಲೆಚೆಂತೊ’ ಎಂದೇ ಕರೆದರು. 1962ರಲ್ಲಿ 1100ಡಿ ಬಂತು, 1966ರಲ್ಲಿ ಅದರ ಜಾಗಕ್ಕೆ 1100ಆರ್, 1969ರಲ್ಲಿ ಅದೂ ಹೋಗಿ ಫಿಯೆಟ್ 128. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಮಾತ್ರ 1964ರಲ್ಲಿ ‘ಡಿಲೈಟ್’ ಹೆಸರಿನಲ್ಲಿ ಶುರುಮಾಡಿದ 1100ಡಿಯನ್ನು ಬಿಡಲೇ ಇಲ್ಲ. ಎಪ್ಪತ್ತರ ದಶಕದಲ್ಲಿ ಅದು ಕೆಲಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ. ಹೆಸರು ಬದಲಾದರೂ ನಮ್ಮೂರಿನ ಬಾಯಲ್ಲಿ ಅದು ಕೊನೆತನಕ ಫಿಯೆಟ್ಟೇ.

ಮುಂದಿನ ಬಾಗಿಲಿನ ಕೀಲು ಹಿಂಭಾಗದಲ್ಲಿದ್ದು ಬಾಗಿಲು ಗಾಳಿಗೆ ಎದುರಾಗಿ ತೆರೆದರೆ ಅದು ಐವತ್ತರ ದಶಕದ ಮಾದರಿ. ಅದರ ಬಾಡಿ ಭಾಗಗಳು ಸಿಗುವುದು ಬಹಳ ಕಷ್ಟ. ಡಿಲೈಟ್‌ನಿಂದ ಈಚಿನದಾದರೆ ಚಿಂತೆಯಿಲ್ಲ. ಅದರ ಎಂಜಿನ್ 1089 ಸಿಸಿ, 68 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ನಾಲ್ಕು ಸಿಲಿಂಡರ್, ಪುಶ್‌ರಾಡ್ ಎಂಜಿನ್. ಬ್ಲಾಕು ಬೀಡುಕಬ್ಬಿಣ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಅಲ್ಯುಮಿನಿಯಂ. ಈ ಕೊನೆಯ ಮಾತನ್ನು ನೆನಪಿಡಿ, ನೀರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಕರೆಂಟು ಹುಟ್ಟಿಸಲು ಹಳೆಯವುಗಳಲ್ಲಿ ಡೈನಮೊ, ಆಮೇಲಿನವುಗಳಲ್ಲಿ ಆಲ್ಟರ್ನೇಟರ್.

ಶೆಡ್ಡಿನಿಂದ ಎಳೆಯುವ ಮುನ್ನ

ಬಾನೆಟ್ ತೆರೆದು, ಡಿಕ್ಕಿ ತೆರೆದು, ಎಲ್ಲ ಬದಿಯಿಂದ ಫೋಟೊ ತೆಗೆಯಿರಿ. ಯಾವ ವೈರು ಎಲ್ಲಿ, ಯಾವ ಕ್ಲಿಪ್ಪು ಎಲ್ಲಿ ಅನ್ನುವುದು ಎರಡು ತಿಂಗಳ ಮೇಲೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಇಲಿ ಗೂಡು ಹುಡುಕಿ. ಏರ್ ಫಿಲ್ಟರಿನ ಡಬ್ಬಿ, ಹಿಂದಿನ ಸೀಟಿನ ಕೆಳಗು, ಡ್ಯಾಶ್‌ಬೋರ್ಡಿನ ಹಿಂಭಾಗ ಅವಕ್ಕೆ ಇಷ್ಟದ ಜಾಗ. ಏರ್ ಫಿಲ್ಟರಿನಲ್ಲಿ ಹತ್ತಿಯೋ ಹೊಟ್ಟೋ ಇದ್ದು, ನೋಡದೆ ಸೆಲ್ಫ್ ಹೊಡೆದರೆ ಅದು ನೇರ ಎಂಜಿನ್ ಒಳಕ್ಕೆ ಹೋಗುತ್ತದೆ.

ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ತುಕ್ಕು ಅಂದಗೆಡಿಸುವುದಷ್ಟೇ ಅಲ್ಲ, ಕಾರಿನ ಬೆನ್ನೆಲುಬನ್ನೇ ತಿನ್ನುತ್ತದೆ. ಬಾಗಿಲ ಕೆಳಗಿನ ಉದ್ದ ಪಟ್ಟಿ, ಚಾಲಕನ ಕಾಲಡಿಯ ತಗಡು, ಜಾಕ್ ಕೊಡುವ ಜಾಗ, ಬ್ಯಾಟರಿ ತಟ್ಟೆಯ ಕೆಳಗು, ಸ್ಟೆಪ್ನಿ ಇಡುವ ಗುಳಿ, ಗಾಜಿನ ರಬ್ಬರಿನ ಅಂಚು, ಹೆಡ್‌ಲೈಟಿನ ಸುತ್ತ ಮಡ್‌ಗಾರ್ಡಿನ ಒಳಗು, ಇವಿಷ್ಟನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಕೊಡುತ್ತದೆ. ಅಂಥ ಕಡೆ ತುದಿಯಿಂದ ಚುಚ್ಚಿದರೆ ಒಳಗೆ ಇಳಿಯುತ್ತದೆ. ಬಾಗಿಲು ತಳದಿಂದ ಕೊಳೆಯುವುದಕ್ಕೆ ಕಾರಣ, ನೀರು ಹೊರಹೋಗುವ ಸಣ್ಣ ತೂತುಗಳು ಮಣ್ಣು ಕಟ್ಟಿ ಮುಚ್ಚಿಹೋಗಿರುವುದು. ತಂತಿಯಿಂದ ಬಿಡಿಸಿ. ಮಂಗಳೂರು, ಉಡುಪಿ, ಕಾರವಾರದ ಕಾರುಗಳಲ್ಲಿ ಉಪ್ಪಿನ ಗಾಳಿಗೆ ಕೆಳಭಾಗ ಮೊದಲು ಹೋಗುತ್ತದೆ. ಬಯಲುಸೀಮೆಯಲ್ಲಿ ತಗಡು ಚೆನ್ನಾಗಿರುತ್ತದೆ, ರಬ್ಬರು ಮಾತ್ರ ಬಿಸಿಲಿಗೆ ಸೀಳಿರುತ್ತದೆ.

ಕೊಳೆತ ಪಟ್ಟಿಯ ಮೇಲೆ ಪುಟ್ಟಿ ಮೆತ್ತುವ ಟಿಂಕರಿಂಗ್ ಅಂಗಡಿಗೆ ಈ ಕಾರು ಕೊಡಬೇಡಿ. ಕೊಳೆತದ್ದನ್ನು ಪೂರ್ತಿ ಕತ್ತರಿಸಿ ಹೊಸ ತಗಡು ಬೆಸೆಯಬೇಕು, ಬೆಸೆಯುವಾಗ ಬಾಗಿಲುಗಳನ್ನು ಕಟ್ಟಿಯೇ ಇಟ್ಟು ಸಂದು ಸರಿಯಿದೆಯೇ ನೋಡುತ್ತಿರಬೇಕು. ಇಲ್ಲದಿದ್ದರೆ ಬಾಡಿ ಬಾಗಿ, ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ.

ಎಳೆಯುವ ಮುನ್ನ ನಾಲ್ಕೂ ಚಕ್ರ ತಿರುಗುತ್ತವೆಯೇ ನೋಡಿ. ಬ್ರೇಕ್ ಶೂ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಅಂಟಿದ್ದರೆ ಡ್ರಮ್ಮಿನ ಅಂಚಿಗೆ ಮರದ ಸುತ್ತಿಗೆಯಿಂದ ಸುತ್ತಲೂ ಹೊಡೆದರೆ ಸಾಮಾನ್ಯವಾಗಿ ಬಿಡುತ್ತದೆ. ಜಾಕ್ ಕೊಟ್ಟ ಮೇಲೆ ಸ್ಟ್ಯಾಂಡ್ ಇಡದೆ ಕಾರಿನ ಕೆಳಗೆ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕು ಒಮ್ಮೆಲೇ ಪುಡಿಯಾಗುತ್ತವೆ. ತುಕ್ಕು ತಿಂದ ಜಾಕ್ ಪಾಯಿಂಟೂ ಅಷ್ಟೇ, ಜಾಕು ತಗಡನ್ನು ಹರಿದು ಮೇಲೇರುತ್ತದೆ. ಮುಂದೆ ಕ್ರಾಸ್ ಮೆಂಬರಿಗೆ, ಅಂದರೆ ಕೆಳಗಿನ ಅಡ್ಡತೊಲೆಗೆ, ಹಿಂದೆ ಆಕ್ಸೆಲ್ಲಿಗೆ ಜಾಕ್ ಕೊಡುವುದೇ ಕ್ಷೇಮ.

ಬ್ರೇಕ್: ಇಲ್ಲಿ ಉಳಿತಾಯ ಬೇಡ

ನಾಲ್ಕೂ ಕಡೆ ಡ್ರಮ್, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ಲೈನು. ಈಗಿನ ಕಾರುಗಳಲ್ಲಿ ಒಂದು ಲೈನು ಹೋದರೆ ಇನ್ನೊಂದು ಉಳಿಯುತ್ತದೆ. ಇದರಲ್ಲಿ ಚಕ್ರದ ಬಳಿ ಶೂ ತಳ್ಳುವ ಒಂದು ವೀಲ್ ಸಿಲಿಂಡರ್ ಸೋರಿದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು. ಅದಕ್ಕೇ ಇಡೀ ಬ್ರೇಕನ್ನು ಬಿಚ್ಚಿ ಕಟ್ಟದೆ ಕಾರನ್ನು ಹತ್ತು ಅಡಿಯೂ ಓಡಿಸಬಾರದು.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ.

ಪ್ರತಿ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿ ನೋಡಿ. ಒದ್ದೆಯಿದ್ದರೆ ಸೀಲು ಹೋಗಿದೆ, ಬಿಳಿ ಪುಡಿಯೋ ಕಂದು ಗಸಿಯೋ ಇದ್ದರೆ ಪಿಸ್ಟನ್ ಅಂಟಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ; ವರ್ಷಗಟ್ಟಲೆ ನಿಂತಾಗ ಆ ನೀರು ಸಿಲಿಂಡರಿನ ತಳದಲ್ಲಿ ಕೂತು ಗೋಡೆಯನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಒಳಗೆ ಬೆರಳಾಡಿಸಿದಾಗ ನುಣುಪಾಗಿದ್ದರೆ ಹೊಸ ರಬ್ಬರ್ ಸೀಲುಗಳ ಕಿಟ್ ಹಾಕಿದರೆ ಸಾಕು. ಉಗುರಿಗೆ ಗುಳಿ ತಾಗಿದರೆ ಹೊಸ ಸಿಲಿಂಡರೇ ಹಾಕಿ, ಏಕೆಂದರೆ ಗುಳಿಯ ಮೇಲೆ ಹೊಸ ರಬ್ಬರು ಹೆಚ್ಚು ದಿನ ಬಾಳುವುದಿಲ್ಲ. ಭಾಗಗಳನ್ನು ಹೊಸ ಬ್ರೇಕ್ ಆಯಿಲ್ ಇಲ್ಲವೇ ಸ್ಪಿರಿಟ್‌ನಲ್ಲೇ ತೊಳೆಯಿರಿ. ಪೆಟ್ರೋಲು, ಡೀಸೆಲ್, ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರು ಉಬ್ಬಿ ಕೆಡುತ್ತದೆ. ಗ್ಯಾರೇಜುಗಳಲ್ಲಿ ಅತಿ ಹೆಚ್ಚಾಗಿ ಆಗುವ ತಪ್ಪು ಇದೇ. ಕಿಟ್ ಹಾಕಿದ ತಿಂಗಳಿಗೇ ಮತ್ತೆ ಸೋರಿದರೆ ಕಾರಣ ಇಲ್ಲಿರುತ್ತದೆ.

ಚಕ್ರಗಳ ಕಡೆ ಹೋಗುವ ರಬ್ಬರ್ ಹೋಸುಗಳನ್ನು ಯೋಚಿಸದೆ ಬದಲಾಯಿಸಿ. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಪೆಡಲ್ ಒತ್ತಿದಾಗ ಆಯಿಲ್ ಒತ್ತಡಕ್ಕೆ ಮುಂದೆ ನುಗ್ಗುತ್ತದೆ, ಕಾಲು ತೆಗೆದಾಗ ವಾಪಸು ಬರುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಡ್ರಮ್ ಕಾದು ವಾಸನೆ ಬರುತ್ತದೆ. ಒಂದೇ ಚಕ್ರ ಬಿಸಿಯಾಗುತ್ತಿದ್ದರೆ ಶೂ ಎಷ್ಟು ಸಡಿಲಿಸಿದರೂ ಪ್ರಯೋಜನವಿಲ್ಲ, ಮೊದಲು ಆ ಹೋಸು ನೋಡಿ.

ಡಾಟ್ 3 ಆಯಿಲ್ ತುಂಬಿ ಗಾಳಿ ತೆಗೆಯಿರಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ವೀಲ್ ಸಿಲಿಂಡರಿನ ಗಾಳಿ ಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ತನಕ ಪೆಡಲಿನಿಂದ ಕಾಲು ತೆಗೆಯಬಾರದು. ಡಬ್ಬಿಯಲ್ಲಿ ಆಯಿಲ್ ಮಟ್ಟ ಕೆಳಗಿಳಿಯದಂತೆ ನೋಡಿಕೊಳ್ಳಿ, ಒಮ್ಮೆ ಗಾಳಿ ಎಳೆದರೆ ಮೊದಲಿನಿಂದ ಶುರುಮಾಡಬೇಕು. ಗಾಳಿ ತೆಗೆಯುವ ಮುನ್ನವೇ ಶೂಗಳನ್ನು ಡ್ರಮ್ಮಿಗೆ ಹತ್ತಿರ ಅಡ್ಜಸ್ಟ್ ಮಾಡಿಕೊಂಡಿರಿ. ಅದು ಮಾಡದಿದ್ದರೆ ಗಾಳಿಯೆಲ್ಲ ಹೋದರೂ ಪೆಡಲ್ ಕೆಳಗಿಳಿಯುತ್ತದೆ, ಮೆಕ್ಯಾನಿಕ್ ಸುಮ್ಮನೆ ಮಾಸ್ಟರ್ ಸಿಲಿಂಡರಿನ ಮೇಲೆ ದೂರು ಹೇಳುತ್ತಾನೆ.

ಎಂಜಿನ್ ಬಿಡಿಸುವುದು

ನಾಲ್ಕೂ ಪ್ಲಗ್ ತೆಗೆಯಿರಿ. ಹೆಡ್ಡು ಅಲ್ಯುಮಿನಿಯಂ ಆದ್ದರಿಂದ ಪ್ಲಗ್ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ, ಪ್ಲಗ್ ಕೂರುವ ತಿರುಪಿನ ಮರೆ ಕಿತ್ತುಬಂದೀತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ವಾಪಸು ತಿರುಗಿಸುತ್ತ ತೆಗೆಯಿರಿ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪಾಲು ಬೆರೆಸಿ ಒಂದೊಂದು ಸಿಲಿಂಡರಿಗೆ ಎರಡು ಚಮಚದಷ್ಟು, ಅಂದರೆ 10ರಿಂದ 15 ಮಿ.ಲೀ. ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಆಮೇಲೆ ಟಾಪ್ ಗೇರಿನಲ್ಲಿಟ್ಟು ಕಾರನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿ. ಒಂದು ಬೆರಳಷ್ಟು ಅಲ್ಲಾಡಿದರೂ ಗೆದ್ದಂತೆ. ಅಲ್ಲಾಡದಿದ್ದರೆ ಮತ್ತೆ ಎಣ್ಣೆ ಬಿಟ್ಟು ವಾರ ಕಾಯಿರಿ. ಅಷ್ಟಾದರೂ ಜಗ್ಗದಿದ್ದರೆ ಹೆಡ್ ಇಳಿಸಲೇಬೇಕು. ಜೀಪಿಗೆ ಹಗ್ಗ ಕಟ್ಟಿ ಎಳೆದು ಬಿಡಿಸಲು ಹೋದರೆ ರಿಂಗ್ ಮುರಿಯುತ್ತದೆ, ಪುಶ್‌ರಾಡ್ ಬಾಗುತ್ತದೆ.

ಎಂಜಿನ್ ತಿರುಗಿದ ಮೇಲೆ ಹಳೆಯ ಆಯಿಲ್ ಇಳಿಸಿ. ಹಾಲು ಬೆರೆತ ಬಣ್ಣವಿದ್ದರೆ ನೀರು ಸೇರಿದೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಇರಲಿ. ಹೊಸ ಫಿಲ್ಟರ್, 20ಡಬ್ಲ್ಯು-40 ಮಿನರಲ್ ಆಯಿಲ್. ಈಗಿನ ಕಾರುಗಳ ತೆಳುವಾದ ಸಿಂಥೆಟಿಕ್ ಆಯಿಲ್ ಹಾಕಿದರೆ ಹಳೆಯ ಸೀಲುಗಳಿಂದ ಸೋರುತ್ತದೆ, ಆಯಿಲ್ ಒತ್ತಡವೂ ಇಳಿಯುತ್ತದೆ. ಮೂರೂವರೆ ಲೀಟರಿನ ಡಬ್ಬಿ ಕೊಂಡು, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ಮುಟ್ಟುವಷ್ಟು ಮಾತ್ರ ಬಿಡಿ. ವಾಲ್ವ್ ಕವರ್ ತೆಗೆದು ವಾಲ್ವ್‌ಗಳನ್ನು ಒತ್ತುವ ರಾಕರುಗಳ ಮೇಲೂ ಆಯಿಲ್ ಸುರಿಯಿರಿ. ಎಂಜಿನ್ ತಿರುಗಿಸುತ್ತ ಎಂಟೂ ವಾಲ್ವ್ ಮೇಲೆ ಕೆಳಗೆ ಆಡುತ್ತವೆಯೇ ಕಣ್ಣಾರೆ ನೋಡಿ. ಒಂದು ವಾಲ್ವ್ ಕೆಳಗೇ ಸಿಕ್ಕಿಕೊಂಡಿದ್ದರೆ ಅದರ ಕಾಂಡಕ್ಕೆ ಎಣ್ಣೆ ಬಿಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸಿ.

ಟ್ಯಾಪೆಟ್ ಸಂದನ್ನು, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದನ್ನು, ಎಂಜಿನ್ ತಣ್ಣಗಿದ್ದಾಗಲೇ ಹೊಂದಿಸಬೇಕು, ಅಳತೆ ಕಾರಿನ ಪುಸ್ತಕದಲ್ಲಿದೆ. ಕ್ರಮ ಸುಲಭ. 4ನೇ ಸಿಲಿಂಡರಿನ ಎರಡು ವಾಲ್ವ್‌ಗಳು ಒಂದು ಏರಿ ಇನ್ನೊಂದು ಇಳಿಯುವ ಹೊತ್ತಿಗೆ 1ನೇ ಸಿಲಿಂಡರ್ ಹೊಂದಿಸಿ. 1ರಲ್ಲಿ ಹಾಗಾದಾಗ 4, 3ರಲ್ಲಿ ಆದಾಗ 2, 2ರಲ್ಲಿ ಆದಾಗ 3. ಸಂದು ಜಾಸ್ತಿಯಾದರೆ ಟಿಕ್ ಟಿಕ್ ಸದ್ದು, ಅಷ್ಟೇ. ಕಡಿಮೆಯಾದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಆದ್ದರಿಂದ ಸದ್ದು ಅಡಗಿಸಲು ಟ್ಯಾಪೆಟ್ ಬಿಗಿಮಾಡುವ ಮೆಕ್ಯಾನಿಕ್ಕನ್ನು ತಡೆಯಿರಿ.

ಗೇರ್ ಬಾಕ್ಸ್, ಡಿಫರೆನ್ಷಿಯಲ್ ಎರಡರ ಆಯಿಲನ್ನೂ ಈಗಲೇ ನೋಡಿ, 90 ನಂಬರ್ ಗೇರ್ ಆಯಿಲ್. ಮುಂದಿನ ಚಕ್ರಗಳು ಹೊರಳುವ ಕೀಲುಗಳಾದ ಕಿಂಗ್ ಪಿನ್ನುಗಳ ನಿಪ್ಪಲ್ಲಿಗೆ ಗ್ರೀಸ್ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಒತ್ತಿ. ಒಣಗಿದ ಕಿಂಗ್ ಪಿನ್ನೇ ಸ್ಟೇರಿಂಗ್ ಭಾರವಾಗಲು ಮುಖ್ಯ ಕಾರಣ.

ಪೆಟ್ರೋಲಿನ ದಾರಿ

ಹಳೆಯ ಪೆಟ್ರೋಲು ವಾರ್ನಿಷ್ ವಾಸನೆ ಬೀರುತ್ತದೆ, ತಳದಲ್ಲಿ ಕಂದು ಅಂಟು ಕಟ್ಟಿರುತ್ತದೆ. ಪೂರ್ತಿ ಇಳಿಸಿ. ಟ್ಯಾಂಕ್ ಕಳಚಿ, ಗೇಜಿನ ಫ್ಲೋಟ್ ತೆಗೆದಿಟ್ಟು, ಒಳಗೆ ಒಂದು ಹಿಡಿ ಸಣ್ಣ ನಟ್ಟುಗಳನ್ನೂ ನೀರನ್ನೂ ಹಾಕಿ ಅಲ್ಲಾಡಿಸಿ ತೊಳೆಯಿರಿ. ಆಮೇಲೆ ಬಿಳಿ ವಿನೆಗರ್ ತುಂಬಿ ಒಂದು ದಿನ ಬಿಟ್ಟರೆ ತುಕ್ಕು ಕರಗುತ್ತದೆ. ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಒಮ್ಮೆ ಜಾಲಿಸಿ, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ. ತಡಮಾಡಿದರೆ ಗಂಟೆಗಳಲ್ಲೇ ಮತ್ತೆ ಕೆಂಪು ತುಕ್ಕು ಬರುತ್ತದೆ. ತೂತಿರುವ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ.

ಟ್ಯಾಂಕಿನ ಕೆಲಸ ಮುಗಿಯುವ ತನಕ ಎಂಜಿನ್ ಪರೀಕ್ಷೆಗೆ ಒಂದು ಲೀಟರ್ ತಾಜಾ ಪೆಟ್ರೋಲಿನ ಡಬ್ಬಿಯನ್ನು ಎಂಜಿನ್ನಿನಿಂದ ದೂರ ಭದ್ರವಾಗಿ ಇಟ್ಟು ಪಂಪಿಗೆ ಹೋಸು ಕೊಡಬಹುದು. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು.

ಪೆಟ್ರೋಲ್ ಪಂಪು ಎಂಜಿನ್ ಪಕ್ಕದಲ್ಲಿರುವ ಡಯಾಫ್ರಂ ಪಂಪು, ಕ್ಯಾಮ್‌ಶಾಫ್ಟಿನಿಂದ ಕೆಲಸ ಮಾಡುತ್ತದೆ. ಡಯಾಫ್ರಂ ಹರಿದರೆ ಎರಡು ತೊಂದರೆ: ಪೆಟ್ರೋಲು ಮೇಲೆ ಏರುವುದಿಲ್ಲ, ಜೊತೆಗೆ ಕೆಳಗೆ ಸೋರಿ ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಓಡಿಸದೆ ಮೊದಲು ಪಂಪು, ಆಮೇಲೆ ಆಯಿಲ್ ಬದಲಾಯಿಸಿ. ಈಗ ಬಂಕುಗಳಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲು. ಈ ಕಾರಿನ ಕಾಲದ ರಬ್ಬರು ಅದಕ್ಕೆ ತಯಾರಾದದ್ದಲ್ಲ. ಮೆತ್ತಗಾಗಿ, ಊದಿ, ಕಪ್ಪು ಚೂರುಗಳಾಗಿ ಉದುರಿ ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತು, ಕಟ್ಟುತ್ತದೆ. ಎಥನಾಲ್ ತಡೆಯುವ ಹೋಸು ಮತ್ತು ಡಯಾಫ್ರಂ ಕೇಳಿ ತನ್ನಿ, ಪಂಪಿಗಿಂತ ಮೊದಲು ಒಂದು ಪಾರದರ್ಶಕ ಫಿಲ್ಟರ್ ಹಾಕಿ. ಎಥನಾಲ್ ತೇವ ಹೀರುವುದರಿಂದ ಕಾರು ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತದೆ. ಆದ್ದರಿಂದ ತಿಂಗಳಿಗೆ ಖರ್ಚಾಗುವಷ್ಟೇ ಪೆಟ್ರೋಲು ತುಂಬಿಸಿ.

ಸೋಲೆಕ್ಸ್ ಕಾರ್ಬೊರೇಟರನ್ನು ಬಿಚ್ಚಿ ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ತೊಳೆಯಿರಿ. ಹಿತ್ತಾಳೆ ಜೆಟ್ಟುಗಳಿಗೆ ತಂತಿ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮೈಲೇಜು ಬಿದ್ದುಹೋಗುತ್ತದೆ, ಹೊಗೆ ಕಪ್ಪಾಗುತ್ತದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ಅದು ತೂತು. ಐಡ್ಲಿಂಗಿನ ಮಿಶ್ರಣದ ಸ್ಕ್ರೂ ಮೆಲ್ಲಗೆ ಕೊನೆತನಕ ಬಿಗಿದು ಒಂದೂವರೆ ಸುತ್ತು ಸಡಿಲಿಸಿ. ಎಂಜಿನ್ ಬಿಸಿಯಾದ ಮೇಲೆ ಅಲ್ಲಿಂದ ಹೊಂದಿಸುವುದು.

ಕರೆಂಟು

ವೈರುಗಳಿಗೆ ಇಲಿ ಬಾಯಿ ಹಾಕಿದೆಯೇ ನೋಡಿದ ಮೇಲೆ ಫ್ಯೂಸ್ ಪೆಟ್ಟಿಗೆಗೆ ಬನ್ನಿ. ಹಳೆಯ ಫಿಯೆಟ್ಟಿನ ಕಡ್ಡಿ ಫ್ಯೂಸುಗಳ ತುದಿಯಲ್ಲಿ ಹಸಿರು ಕಿಲುಬು ಕಟ್ಟಿ, ಫ್ಯೂಸ್ ಸರಿಯಿದ್ದರೂ ಕರೆಂಟು ಹಾಯುವುದಿಲ್ಲ. ಹಾರನ್ ಕೆಲಸ ಮಾಡದಿದ್ದರೂ ಹೆಡ್‌ಲೈಟ್ ಮಂಕಾದರೂ ಬಹುಮಟ್ಟಿಗೆ ಕಾರಣ ಇದೇ. ಎಮೆರಿ ಕಾಗದದಿಂದ ಫ್ಯೂಸಿನ ತುದಿಗಳನ್ನೂ ಹಿಡಿಯುವ ಕಿವಿಗಳನ್ನೂ ಹೊಳೆಯುವಂತೆ ಉಜ್ಜಿ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಅರ್ತ್ ಪಟ್ಟಿಗಳ ಬುಡವನ್ನೂ ಹಾಗೇ ಮಾಡಿ. ಬ್ಯಾಟರಿ 12 ವೋಲ್ಟ್.

ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನ ಟೋಪಿ ತೆಗೆದು, ಕರೆಂಟು ಕಡಿದು ಕೂಡಿಸುವ ಪಾಯಿಂಟುಗಳ ಮುಖ ನೋಡಿ. ನಿಂತ ಕಾರಿನಲ್ಲಿ ಅವುಗಳ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ, ಸ್ಪಾರ್ಕ್ ಬಾರದಿರಲು ಅದೇ ಸಾಕು. ಸಣ್ಣ ಎಮೆರಿಯಿಂದ ಒರೆಸಿ, ಪೂರ್ತಿ ತೆರೆದಾಗ 0.4 ಮಿ.ಮೀ. ಆಸುಪಾಸಿನ ಸಂದು ಇಡಿ. ಕಂಡೆನ್ಸರ್ ಹೊಸದು ಹಾಕಿ. ಪಾಯಿಂಟು ಪದೇ ಪದೇ ಸುಟ್ಟು ನೀಲಿಗಟ್ಟಿದರೆ ಕಂಡೆನ್ಸರೇ ಕಾರಣ. ಪ್ಲಗ್ ಸಂದು 0.6 ಮಿ.ಮೀ. ಆ ಕಾಲದಲ್ಲಿ ಈ ಕಾರುಗಳಿಗೆ ಬೆಂಗಳೂರು ಆಡುಗೋಡಿಯ ಮೈಕೊ ಪ್ಲಗ್ ಮನೆಮಾತು, ಈಗ ಅದೇ ಕಂಪನಿ ಬಾಷ್ ಹೆಸರಿನಲ್ಲಿದೆ. ಸ್ಪಾರ್ಕಿನ ಸರದಿ 1-3-4-2. ವೈರು ಬಿಚ್ಚುವ ಮುನ್ನ ಒಂದೊಂದಕ್ಕೂ ನಂಬರ್ ಚೀಟಿ ಅಂಟಿಸಿದರೆ ಎಂಜಿನ್ ಕಾರ್ಬೊರೇಟರಿನಲ್ಲಿ ಪಟಾಕಿ ಹೊಡೆಯುವುದು ತಪ್ಪುತ್ತದೆ.

ನೀರು

ಬೀಡಿನ ಬ್ಲಾಕು, ಅಲ್ಯುಮಿನಿಯಂ ಹೆಡ್ಡು, ನಡುವೆ ಬೋರ್‌ವೆಲ್ ನೀರು. ಈ ಮೂರೂ ಸೇರಿದರೆ ಅಲ್ಯುಮಿನಿಯಂ ಕರಗುತ್ತ ಹೋಗುತ್ತದೆ, ರೇಡಿಯೇಟರಿನಲ್ಲಿ ಸುಣ್ಣ ಕಟ್ಟುತ್ತದೆ. ಸುಣ್ಣ ಕಟ್ಟಿದರೆ ಎಂಜಿನ್ ಕಾಯುತ್ತದೆ, ಕಾದ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹಾರುತ್ತದೆ. ಫಿಯೆಟ್ ಘಾಟಿಯಲ್ಲಿ ಕಾಯುತ್ತದೆ ಅನ್ನುವ ಹಳೆಯ ದೂರಿನ ಹಿಂದೆ ಬಹಳ ಸಲ ಇರುವುದು ಈ ನೀರು. ರೇಡಿಯೇಟರಿಗೆ ಕೆಳಗಿನ ಬಾಯಿಯಿಂದ ನೀರು ಬಿಟ್ಟು ಮೇಲಿನಿಂದ ಹೊರಬರುವಂತೆ, ಅಂದರೆ ಉಲ್ಟಾ ದಿಕ್ಕಿನಲ್ಲಿ, ತಿಳಿಯಾಗುವ ತನಕ ತೊಳೆಯಿರಿ. ಮೇಲಿನ, ಕೆಳಗಿನ ಹೋಸುಗಳನ್ನೂ ಫ್ಯಾನ್ ಬೆಲ್ಟನ್ನೂ ಬದಲಾಯಿಸಿ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಮಾತ್ರ ತುಂಬಿ.

ಎಂಜಿನ್ ಬಿಸಿಯಾಗುವ ತನಕ ನೀರನ್ನು ತಡೆಹಿಡಿಯುವ ಥರ್ಮೊಸ್ಟಾಟನ್ನು ಕಿತ್ತೆಸೆದ ಕಾರುಗಳೇ ನಮ್ಮಲ್ಲಿ ಹೆಚ್ಚು. ಎಂಜಿನ್ ಸರಿಯಾದ ಬಿಸಿಗೆ ಬಾರದೆ ಆಯಿಲ್ ಕೆಡುತ್ತದೆ, ಪೆಟ್ರೋಲು ಕುಡಿಯುತ್ತದೆ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಿ. ನೀರು ಕುದಿ ಬರುವ ಮುನ್ನ ಅದು ತೆರೆದುಕೊಂಡರೆ ಸರಿಯಿದೆ, ವಾಪಸು ಹಾಕಿ.

ಈಗ ಕೀಲಿ

ಪ್ಲಗ್‌ಗಳಿಲ್ಲದೆ, ಕಾಯಿಲ್ ವೈರು ತೆಗೆದಿಟ್ಟು, ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಮೊದಲು ಸಿಲಿಂಡರಿಗೆ ಬಿಟ್ಟ ಎಣ್ಣೆ ಪ್ಲಗ್ ತೂತಿನಿಂದ ಚಿಮ್ಮುತ್ತದೆ, ಮುಖ ದೂರವಿರಲಿ, ಬಟ್ಟೆ ಮುಚ್ಚಿ. ಆಯಿಲ್ ಲೈಟು ಆರುವ ತನಕ ಹೀಗೆ ಮಾಡಬೇಕು. ಆರಿದರೆ ಬೇರಿಂಗುಗಳಿಗೆ ಆಯಿಲ್ ತಲುಪಿದೆ ಅಂತ ಅರ್ಥ. ಈ ಹೊತ್ತಿನಲ್ಲೇ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಟ್ಟು ನೋಡಿ. ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ 10-15% ಒಳಗಿದ್ದರೆ ಬೋರಿನ ಕೆಲಸ ಸದ್ಯಕ್ಕೆ ಬೇಡ. ಒಂದೇ ಕಡಿಮೆಯಿದ್ದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್.

ಪ್ಲಗ್ ಹಾಕಿ, ಚೋಕ್ ಪೂರ್ತಿ ಎಳೆದು, ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ. ಮೊದಲ ಕೆಲವು ನಿಮಿಷ ಸೈಲೆನ್ಸರಿನಿಂದ ದಟ್ಟ ಬಿಳಿ-ನೀಲಿ ಹೊಗೆ ಬರುತ್ತದೆ, ಅದು ನೀವೇ ಬಿಟ್ಟ ಎಣ್ಣೆ. ಹತ್ತು ನಿಮಿಷ ಕಳೆದರೂ ನೀಲಿಯೇ ಉಳಿದರೆ ರಿಂಗಿನ ಅಥವಾ ವಾಲ್ವ್ ಗೈಡಿನ ಕೆಲಸವಿದೆ; ಬಿಳಿಯಾಗಿ ಸಿಹಿ ವಾಸನೆ ಬಂದರೆ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಕ್ಲಚ್ ಒತ್ತಿದರೂ ಗೇರ್ ಕಿರುಗುಟ್ಟಿದರೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿದೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಆಫ್ ಮಾಡಿ, ಕ್ಲಚ್ ಪೆಡಲನ್ನು ಮರದ ತುಂಡಿನಿಂದ ಒತ್ತಿಹಿಡಿದು ರಾತ್ರಿ ಬಿಡಿ. ಬಹಳಷ್ಟು ಸಲ ಬೆಳಿಗ್ಗೆಗೆ ಬಿಟ್ಟಿರುತ್ತದೆ.

ಹಳೆಯ ಟೈರುಗಳ ಮೇಲೆ ಅಂಗಳದಾಚೆ ಹೋಗಬೇಡಿ. ಮೂಲ ಅಳತೆ 5.20-14, ಪಕ್ಕದಲ್ಲಿ ಬಿರುಕು ಕಂಡ ಟೈರಿನ ಮೇಲಿನ ಗುಂಡಿಗಳು ಎಷ್ಟೇ ಸವೆಯದೆ ಉಳಿದಿದ್ದರೂ ಅದು ಬೇಡ. ನೈಲಾನ್ ಟೈರು, ರೇಡಿಯಲ್ ಟೈರು ಬೆರೆಸಬೇಡಿ. ಮೊದಲ ಓಟ 20-30 ಕಿ.ಮೀ. ವೇಗದಲ್ಲಿ, ಟ್ರಾಫಿಕ್ ಇಲ್ಲದ ರಸ್ತೆಯಲ್ಲಿ. ಎರಡು ಕಿಲೊಮೀಟರಿಗೊಮ್ಮೆ ನಿಲ್ಲಿಸಿ ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿದು ಬಿಸಿ ನೋಡಿ, ಕೆಳಗೆ ಬಗ್ಗಿ ಸೋರಿಕೆ ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಓಡುತ್ತಿದ್ದ ಕಾರು ಸುಸ್ತಾದಂತೆ ನಿಂತು ಮತ್ತೆ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಪಂಪು ಕಾದು ಪೈಪಿನಲ್ಲಿ ಆವಿ ಕಟ್ಟಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುವ ಹಳೆಯ ಟ್ಯಾಕ್ಸಿ ಡ್ರೈವರುಗಳ ಉಪಾಯ ಈಗಲೂ ಕೆಲಸ ಮಾಡುತ್ತದೆ. ಮೊದಲ 500 ಕಿ.ಮೀ. ಆದಮೇಲೆ ಎಂಜಿನ್ ಆಯಿಲ್ ಮತ್ತೊಮ್ಮೆ ಬದಲಾಯಿಸಿ, ಕರಗಿದ ಗಸಿಯೆಲ್ಲ ಅದರಲ್ಲಿರುತ್ತದೆ.

ಹ್ಯಾಂಡ್ ಗೇರ್ ಮತ್ತು ಉಳಿಸಿಕೊಳ್ಳಬೇಕಾದವು

ಹ್ಯಾಂಡ್ ಗೇರ್ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವ ಕಾರಣಕ್ಕೆ ಅದನ್ನು ತೆಗೆಸಿ ನೆಲದ ಗೇರ್ ಹಾಕಿಸಿದವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ದೋಷವಿರುವುದು ಗೇರ್ ಬಾಕ್ಸಿನಲ್ಲಲ್ಲ, ಸ್ಟೇರಿಂಗ್ ಬುಡದಿಂದ ಗೇರ್ ಬಾಕ್ಸಿಗೆ ಹೋಗುವ ರಾಡುಗಳ ಬುಷ್‌ಗಳಲ್ಲಿ. ಅವು ಸವೆದಾಗ ಕಡ್ಡಿ ಒಂದು ಗೇರಿನಿಂದ ಪೂರ್ತಿ ಹೊರಬರುವ ಮುನ್ನ ಇನ್ನೊಂದನ್ನು ಹಿಡಿಯುತ್ತದೆ, ಎರಡೂ ಸಿಕ್ಕಿಕೊಳ್ಳುತ್ತವೆ. ರಸ್ತೆಯಲ್ಲಿ ಹಾಗಾದರೆ ಎಂಜಿನ್ ಆಫ್ ಮಾಡಿ, ಬಾನೆಟ್ ತೆರೆದು, ಸ್ಟೇರಿಂಗ್ ಕಂಬದ ಬುಡದ ಎರಡು ಲಿವರುಗಳನ್ನು ಕೈಯಿಂದ ಸಮ ಸಾಲಿಗೆ ತಂದರೆ ನ್ಯೂಟ್ರಲ್ ಆಗುತ್ತದೆ. ಮನೆಗೆ ಬಂದು ಬುಷ್‌ಗಳನ್ನು ಬದಲಾಯಿಸಿ. ಸಿಗದಿದ್ದರೆ ಯಾವ ಲೇತ್ ಅಂಗಡಿಯಲ್ಲೂ ನೈಲಾನಿನಲ್ಲಿ ಕಡೆದುಕೊಡುತ್ತಾರೆ.

ಈ ಕಾರಿನ ನೆನಪು ಇರುವುದೇ ಇಂಥ ಭಾಗಗಳಲ್ಲಿ: ಮುಂದಿನ ಉದ್ದ ಸೀಟು, ಸ್ಟೇರಿಂಗಿನ ಹಾರನ್ ರಿಂಗು, ತಿರುಗಿಸಿ ತೆರೆಯುವ ಮೂಲೆಗಾಜು, ಹಿಂದಿನ ಪುಟ್ಟ ರೆಕ್ಕೆಗಳು. ಅಲಾಯ್ ವೀಲು, ದೊಡ್ಡ ಸ್ಪೀಕರು ಹಾಕಿಸಿದರೆ ಅಪ್ಪನ ಕಾರು ಅಲ್ಲಿ ಉಳಿಯುವುದಿಲ್ಲ. ಸೀಟಿನ ರೆಕ್ಸಿನ್ ಹರಿದಿದ್ದರೆ ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ಆ ತುಂಡುಗಳನ್ನೇ ಅಳತೆಗೆ ಇಟ್ಟುಕೊಂಡು ಹೊಸದು ಹೊಲಿಸಿ. ಬಣ್ಣ ಹೊಂದಿಸಲು ಹೊರಗಿನ ಮಾಸಿದ ಬಣ್ಣ ತೋರಿಸಬೇಡಿ. ಬಾಗಿಲ ಒಳಹಲಗೆ ತೆಗೆದರೆ ಬಿಸಿಲು ಕಾಣದ ಮೂಲ ಬಣ್ಣ ಸಿಗುತ್ತದೆ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯ ಭಾಗಕ್ಕೆ ಶಿವಾಜಿನಗರದ ಗುಜರಿ, ಅಲ್ಲಿ ಇಲ್ಲದಿದ್ದರೆ ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಎಂಜಿನ್ ಭಾಗಗಳನ್ನು ಹುಡುಕುವಾಗ ಓಡಾಟ ನಿಲ್ಲಿಸಿದ ಆ ಟ್ಯಾಕ್ಸಿಗಳೂ ನೆನಪಿರಲಿ. ಕ್ರೋಮ್ ಪಟ್ಟಿ, ಲೈಟಿನ ಗಾಜು, ಗಾಜಿನ ರಬ್ಬರು ಕಂಡಲ್ಲಿ ಕೊಂಡಿಡಿ.

ಕಾಗದಪತ್ರ

ಆರ್‌ಸಿ ಯಾರ ಹೆಸರಿನಲ್ಲಿದೆ ನೋಡಿ. ತಂದೆಯವರು ತೀರಿಹೋಗಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31. ಆರ್‌ಸಿ ಪುಸ್ತಕವೇ ಕಳೆದಿದ್ದರೆ ನಂಬರ್ ಪ್ಲೇಟ್ ಹಿಡಿದು ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ನೋಂದಣಿ ವಿವರದ ನಕಲು, ಕೇಳಿ. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರುಗಳು, ಆಮೇಲಿನ ‘ಸಿ’ಯಿಂದ ಶುರುವಾಗುವ ನಂಬರುಗಳು ಹಳೆಯ ರಿಜಿಸ್ಟರುಗಳಲ್ಲಿ ಇರಬಹುದು, ಹುಡುಕಿಸಲು ತಾಳ್ಮೆ ಬೇಕು. ಎಂಜಿನ್, ಚಾಸಿ ನಂಬರು ಆರ್‌ಸಿಯೊಂದಿಗೆ ತಾಳೆಯಾಗದಿದ್ದರೆ ಪೇಂಟ್ ಮಾಡಿಸುವ ಮುನ್ನವೇ ಅದನ್ನು ಬಗೆಹರಿಸಿಕೊಳ್ಳಿ. ದಿನನಿತ್ಯ ಓಡಿಸುವುದಾದರೆ ಫಾರಂ 25ರಲ್ಲಿ ಅರ್ಜಿ ಹಾಕಿ ನೋಂದಣಿ ನವೀಕರಿಸಬೇಕು, ಅದು ಐದು ವರ್ಷಕ್ಕೆ ಸಿಗುತ್ತದೆ.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಸಾಲಿನ ವಿಂಟೇಜ್ ನೋಂದಣಿ ಮಾಡಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಆದರೆ ಅದನ್ನು ಮಾಡಿಸಿದ ಮೇಲೆ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥವಕ್ಕೆ ಮಾತ್ರ ಹೊರತೆಗೆಯಬಹುದು. ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸುತ್ತಾಡುವ ಆಸೆಯಿದ್ದವರಿಗೆ ಸಾಮಾನ್ಯ ನೋಂದಣಿಯೇ ಸರಿ.

ಓಡದ ದಿನಗಳಲ್ಲಿ ಬ್ಯಾಟರಿಯ ಒಂದು ಟರ್ಮಿನಲ್ ಕಳಚಿಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರು ಕಟ್ಟಿ ತುಕ್ಕು ತರುತ್ತದೆ. ದಪ್ಪ ಹತ್ತಿ ಬಟ್ಟೆ ಸಾಕು. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸದಿಂದ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರು ನಿಲ್ಲುತ್ತದೆ. ಅದರ ಬದಲು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ನಾಲ್ಕೂ ಗೇರು ಹಾಕಿ, ಬ್ರೇಕ್ ಹತ್ತು ಸಲವಾದರೂ ಒತ್ತಿ ಬನ್ನಿ.